ಪಿಕಪ್ ಗಾಡಿಗೆ ಪರಂಪರೆಯ ಪಟ್ಟ ಏಕಿಲ್ಲ?

2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಮೋಟಾರು ವಾಹನ ನಿಯಮಗಳಿಗೆ ಒಂದು ತಿದ್ದುಪಡಿ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪ ಕೆಡದ ವಾಹನಗಳನ್ನು ‘ವಿಂಟೇಜ್’ ಎಂದು ಪ್ರತ್ಯೇಕವಾಗಿ ನೋಂದಾಯಿಸಲು ಅದು ದಾರಿ ಮಾಡಿಕೊಟ್ಟಿತು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ಕಳೆದ ಮೇಲೆ ನವೀಕರಣಕ್ಕೆ 5,000 ರೂಪಾಯಿ, ನಂಬರ್ ಪ್ಲೇಟಿನಲ್ಲಿ ‘ವಿಎ’ ಎಂಬ ಗುರುತು. ಹಳೆಯ ವಾಹನ ಉಳಿಸಿಕೊಂಡವರ ಪಾಲಿಗೆ ಇದು ಒಳ್ಳೆಯ ಕೆಲಸವೇ. ಆದರೆ ಆ ನಿಯಮದ ವ್ಯಾಖ್ಯೆಯನ್ನು ಗಮನವಿಟ್ಟು ಓದಿದರೆ ಒಂದು ದೊಡ್ಡ ಕೊರತೆ ಕಣ್ಣಿಗೆ ಬೀಳುತ್ತದೆ. ಅದು ಅನ್ವಯಿಸುವುದು ದ್ವಿಚಕ್ರ ವಾಹನಗಳಿಗೆ ಮತ್ತು ಎಂ-1 ವರ್ಗಕ್ಕೆ, ಅಂದರೆ ಚಾಲಕನನ್ನು ಬಿಟ್ಟು ಎಂಟು ಜನರಿಗೆ ಮೀರದಂತೆ ಕೂರಿಸಿಕೊಂಡು ಹೋಗುವ ಕಾರು, ಜೀಪುಗಳಿಗೆ ಮಾತ್ರ. ಸರಕು ಹೊರುವ ಎನ್-1 ವರ್ಗದ ಹೆಸರೇ ಅಲ್ಲಿಲ್ಲ. ಒಂದೇ ಕಾರ್ಖಾನೆಯಿಂದ ಒಂದೇ ವರ್ಷ ಹೊರಬಂದ, ಒಂದೇ ಇಂಜಿನ್, ಒಂದೇ ಗೇರ್‌ಬಾಕ್ಸ್ ಇರುವ ಎರಡು ಗಾಡಿಗಳಿದ್ದವು ಎಂದಿಟ್ಟುಕೊಳ್ಳಿ. ಒಂದರ ಹಿಂಬದಿಯಲ್ಲಿ ಸೀಟುಗಳಿವೆ, ಇನ್ನೊಂದರ ಹಿಂಬದಿಯಲ್ಲಿ ಮೂಟೆ ಹೇರುವ ಬಾಡಿ ಇದೆ. ಸಾಹೇಬರು ಓಡಾಡಿದ ಮೊದಲನೆಯದು ಪರಂಪರೆ ಎನಿಸಿಕೊಳ್ಳುತ್ತದೆ. ಭತ್ತ ಹೊತ್ತ ಎರಡನೆಯದು ಹಳೆಯ ಕಬ್ಬಿಣವಾಗಿಯೇ ಉಳಿಯುತ್ತದೆ.

ಈ ವ್ಯತ್ಯಾಸ ಸರಿಯಲ್ಲ, ಅದನ್ನು ತಿದ್ದಬೇಕು ಎಂಬುದೇ ಈ ಲೇಖನದ ವಾದ. ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡು ಭಾಗವನ್ನು ಎದುರಿಗಿಟ್ಟುಕೊಂಡು ಈ ಮಾತು ಹೇಳುವುದಕ್ಕೆ ಕಾರಣವಿದೆ. ಈ ನೆಲದ ಕಳೆದ ಎಪ್ಪತ್ತು ವರ್ಷದ ಕಥೆಯಲ್ಲಿ ಕಾರಿಗಿಂತ ಪಿಕಪ್ಪಿನ ಪಾತ್ರ ದೊಡ್ಡದು. ಮನೆಯ ಹಿತ್ತಲಲ್ಲೋ ತಗಡಿನ ಶೆಡ್ಡಿನಲ್ಲೋ ಹಳೆಯ ಪಿಕಪ್ಪೊಂದನ್ನು ಬಿಚ್ಚಿ, ಒರೆಸಿ, ಬೆಸೆದು ಮತ್ತೆ ಓಡುವಂತೆ ಮಾಡುವವರನ್ನು ಊರಿನವರು ಕೆಲಸವಿಲ್ಲದವರೆಂದು ನೋಡುವುದುಂಟು. ಸರ್ಕಾರಕ್ಕಂತೂ ಅವರು ಕಾಣುವುದೇ ಇಲ್ಲ. ಆದರೆ ಈ ಜಿಲ್ಲೆಯ ದುಡಿಮೆಯ ಇತಿಹಾಸದ ಒಂದು ತುಣುಕನ್ನು ಕೈಯಾರೆ ಉಳಿಸುತ್ತಿರುವವರು ಅವರೇ.

1945ರಲ್ಲಿ ತುಂಗಭದ್ರಾ ಅಣೆಕಟ್ಟೆಯ ಕೆಲಸ ಶುರುವಾಯಿತು, 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಅದೇ ವರ್ಷದ ಅಕ್ಟೋಬರ್ 1ರಂದು ಬಳ್ಳಾರಿ ಸೀಮೆ ಮದ್ರಾಸಿನ ಆಡಳಿತದಿಂದ ಕಳಚಿಕೊಂಡು ಮೈಸೂರು ರಾಜ್ಯ ಸೇರಿತು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಜೋಳ, ಹತ್ತಿ ಬೆಳೆಯುತ್ತಿದ್ದ ಎರೆಭೂಮಿಗೆ ಕೆಳಮಟ್ಟದ ಕಾಲುವೆಯ ನೀರು ಬಂದ ಮೇಲೆ ಸಿರುಗುಪ್ಪ ಸುತ್ತಮುತ್ತ ಭತ್ತ ನೆಲೆಯೂರಿತು. ಆಂಧ್ರದ ಕರಾವಳಿ ಜಿಲ್ಲೆಗಳಿಂದ ಬಂದ ರೈತರು ಕಟ್ಟಿಕೊಂಡ ಕ್ಯಾಂಪುಗಳು ಎದ್ದವು, ಅಕ್ಕಿ ಗಿರಣಿಗಳು ಬಂದವು. ಆ ಕಾಲದ ಸಾಗಣೆಯ ನಿಜವಾದ ತೊಡಕು ಇದ್ದದ್ದು ಹೆದ್ದಾರಿಯಲ್ಲಲ್ಲ, ಗದ್ದೆಯಿಂದ ಹೆದ್ದಾರಿ ಮುಟ್ಟುವ ತನಕದ ಕೊನೆಯ ಮೂರ್ನಾಲ್ಕು ಮೈಲಿಯಲ್ಲಿ. ಮಳೆ ಬಿದ್ದರೆ ಎರೆಮಣ್ಣು ಚಕ್ರಕ್ಕೆ ಮೆತ್ತಿಕೊಂಡು ಗಾಡಿಯನ್ನೇ ಹಿಡಿದು ನಿಲ್ಲಿಸುತ್ತದೆ. ಕಾಲುವೆ ಏರಿಯ ದಾರಿ ಲಾರಿಯ ಅಗಲಕ್ಕೆ ಸಾಲದು. ಎತ್ತಿನ ಬಂಡಿಗೂ ಲಾರಿಗೂ ನಡುವಿನ ಈ ಜಾಗದಲ್ಲಿ ಕೆಲಸಕ್ಕೆ ಬಂದವು ಜೀಪಿನ ವಂಶದ ಪಿಕಪ್ಪುಗಳು, ಮೆಟಾಡೋರ್‌ಗಳು, 1986ರಲ್ಲಿ ಬಂದ ಟಾಟಾ 407ಗಳು. ನಾಟಿಯ ಹೊತ್ತಿಗೆ ಸಸಿಯ ಕಟ್ಟು, ಯೂರಿಯಾ ಚೀಲ, ಪಂಪ್‌ಸೆಟ್ಟಿಗೆ ಡೀಸೆಲ್ ಡ್ರಮ್ಮು, ಸುಗ್ಗಿಯಲ್ಲಿ ಭತ್ತ, ಕುರುಗೋಡಿನ ಕಡೆಯ ಒಣಮೆಣಸಿನಕಾಯಿ ಬ್ಯಾಡಗಿ ಮಾರುಕಟ್ಟೆಯತ್ತ ಹೊರಡುವ ಮೊದಲು ಹೊಲದಿಂದ ರಸ್ತೆಗೆ, ಬಳ್ಳಾರಿ ನಗರದ ಓಣಿಗಳಲ್ಲಿ ಜೀನ್ಸ್ ಬಟ್ಟೆಯ ಗಂಟು. ಒಂದೇ ಗಾಡಿ ವರ್ಷವಿಡೀ ಇಷ್ಟೆಲ್ಲ ಕೆಲಸ ಮಾಡಿದೆ. ಜಿಲ್ಲೆಯ ನೀರಾವರಿಯ ಇತಿಹಾಸ ಬರೆಯುವವರು ಕ್ಯೂಸೆಕ್ಕಿನ ಲೆಕ್ಕ ಬರೆಯುತ್ತಾರೆ, ಎಕರೆಯ ಲೆಕ್ಕ ಬರೆಯುತ್ತಾರೆ. ಬೆಳೆದದ್ದನ್ನು ಗಿರಣಿಯ ಬಾಗಿಲಿಗೆ ತಂದು ಸುರಿದ ಗಾಡಿಯ ಲೆಕ್ಕ ಎಲ್ಲೂ ಸಿಗುವುದಿಲ್ಲ.

ಈ ಗಾಡಿಗಳ ಹುಟ್ಟೂ ಕುತೂಹಲದ್ದೇ. ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪನ್ನು ಸ್ವಾತಂತ್ರ್ಯದ ಹೊತ್ತಿನಲ್ಲಿ ಮುಂಬೈಯಲ್ಲಿ ಜೋಡಿಸಲು ತೊಡಗಿದ ಮಹೀಂದ್ರಾ ಕಂಪನಿ, ಮುಂದೆ ಅದೇ ಚಾಸಿಯ ತಳಹದಿಯ ಮೇಲೆ ಸರಕಿನ ಗಾಡಿಗಳನ್ನೂ ಮಾಡಿತು. ಮೊದಮೊದಲು ಇದ್ದದ್ದು ಪೆಟ್ರೋಲ್ ಇಂಜಿನ್. ಪೆಟ್ರೋಲ್ ದುಬಾರಿಯಾದಾಗ ಕಂಪನಿ ತನ್ನ ಬಳಗದಲ್ಲೇ ಇದ್ದ ಇಂಟರ್‌ನ್ಯಾಷನಲ್ ಟ್ರ್ಯಾಕ್ಟರಿನ ಡೀಸೆಲ್ ಇಂಜಿನ್ನನ್ನು ಜೀಪಿಗೆ ಕೂರಿಸಿತು. 1979ರಲ್ಲಿ ಫ್ರಾನ್ಸಿನ ಪ್ಯೂಜೊ ಕಂಪನಿಯಿಂದ ಪರವಾನಗಿ ಪಡೆದು 2,112 ಸಿಸಿಯ ಎಕ್ಸ್‌ಡಿಪಿ 4.90 ಡೀಸೆಲ್ ಇಂಜಿನ್ ತಂದಿತು. ಟ್ರ್ಯಾಕ್ಟರಿನ ಇಂಜಿನ್ ಜೀಪಿಗೆ ಬಂದದ್ದು ಸಣ್ಣ ಸಂಗತಿಯಲ್ಲ. ಟ್ರ್ಯಾಕ್ಟರ್ ರಿಪೇರಿ ಗೊತ್ತಿದ್ದ ಹಳ್ಳಿಯ ಮೇಸ್ತ್ರಿಗೆ ಪಿಕಪ್ಪಿನ ಇಂಜಿನ್ನೂ ಅರ್ಥವಾಗುತ್ತಿತ್ತು. ಅದೇ ಬಗೆಯ ಪಂಪು, ಅದೇ ಬಗೆಯ ನಾಝಲ್ಲು, ಬಹುತೇಕ ಅದೇ ಪಾನಾ. ದುರಸ್ತಿಗೆ ಬಳ್ಳಾರಿಗೇ ಬರಬೇಕು ಎಂಬ ಕಟ್ಟುಪಾಡು ಇರಲಿಲ್ಲ. ಮನೆಯ ಶೆಡ್ಡಿನಲ್ಲಿ ಇಂದಿಗೂ ಈ ಗಾಡಿಗಳನ್ನು ಎದ್ದು ನಿಲ್ಲಿಸಲು ಆಗುವುದು ಈ ಸರಳತೆಯಿಂದಲೇ. ಅದರಲ್ಲಿ ಇಸಿಯು ಇಲ್ಲ, ಸೆನ್ಸರ್ ಇಲ್ಲ, ಸ್ಕ್ಯಾನರ್ ಹಾಕಿ ಓದಬೇಕಾದ ದೋಷದ ಸಂಖ್ಯೆ ಇಲ್ಲ. ಗಾಳಿ, ಡೀಸೆಲ್, ಒತ್ತಡ ಮೂರೂ ಸರಿಯಿದ್ದರೆ ಇಂಜಿನ್ ಓಡುತ್ತದೆ. ಓಡದಿದ್ದರೆ ಈ ಮೂರರಲ್ಲಿ ಒಂದು ಕೈಕೊಟ್ಟಿದೆ ಎಂದರ್ಥ.

ಬಳ್ಳಾರಿಯ ಹವೆಯೂ ಈ ಕೆಲಸಕ್ಕೆ ಒಂದು ಮಟ್ಟಿಗೆ ಅನುಕೂಲ. ಮಂಗಳೂರು, ಕಾರವಾರದ ಕಡೆ ಉಪ್ಪುಗಾಳಿಗೆ ಚಾಸಿಯೇ ಪುಡಿಯಾಗುತ್ತದೆ. ಇಲ್ಲಿನ ಒಣಹವೆಯಲ್ಲಿ ಮೂವತ್ತು ವರ್ಷದ ಗಾಡಿಯ ಬಾನೆಟ್ಟು ಬಣ್ಣ ಕಳೆದುಕೊಂಡರೂ ತಗಡು ಗಟ್ಟಿಯಾಗಿ ಉಳಿದಿರುತ್ತದೆ. ಬಿಸಿಲು ತಿನ್ನುವುದು ರಬ್ಬರನ್ನು, ವಯರಿನ ಹೊದಿಕೆಯನ್ನು. ಬಾಗಿಲ ಬೀಡಿಂಗ್ ಮುಟ್ಟಿದರೆ ಉದುರುತ್ತದೆ. ಡ್ಯಾಶ್‌ಬೋರ್ಡಿನ ಹಿಂದಿನ ವಯರುಗಳನ್ನು ಬಗ್ಗಿಸಿದರೆ ಪ್ಲಾಸ್ಟಿಕ್ ಸೀಳಿ ತಾಮ್ರ ಇಣುಕುತ್ತದೆ. ಆದರೆ ಒಣಹವೆಯನ್ನು ನಂಬಿ ಮೋಸ ಹೋಗಬಾರದು. ಸಿರುಗುಪ್ಪ ಕಡೆಯ ಗಾಡಿಯ ಅಡಿಗೆ ಮಲಗಿ ನೋಡಿದರೆ ಚಾಸಿಯ ಉದ್ದಪಟ್ಟಿಗೂ ಅಡ್ಡಪಟ್ಟಿಗೂ ನಡುವಿನ ಮೂಲೆಯಲ್ಲಿ ಎರೆಮಣ್ಣು ಇಟ್ಟಿಗೆಯಂತೆ ಗಟ್ಟಿಯಾಗಿ ಕೂತಿರುತ್ತದೆ. ಕೆರೆದು ತೆಗೆದರೆ ಒಳಗೆ ಇನ್ನೂ ತೇವ. ಆ ತೇವ ಎಷ್ಟೋ ವರ್ಷದಿಂದ ಅಲ್ಲೇ ಕೂತು ಕಬ್ಬಿಣ ತಿನ್ನುತ್ತಿರುತ್ತದೆ. ಇನ್ನು ಹಿಂದಿನ ಬಾಡಿಯ ನೆಲ. ಹರಿದ ಚೀಲದಿಂದ ಸೋರಿದ ರಸಗೊಬ್ಬರ ಹಲಗೆಯ ಸಂದಿಯಲ್ಲಿಳಿದು, ಮಳೆಯ ನೀರು ಬಿದ್ದಾಗಲೆಲ್ಲ ಕರಗಿ, ಕೆಳಗಿನ ತಗಡನ್ನೂ ಬೋಲ್ಟುಗಳನ್ನೂ ಕೊರೆದುಬಿಟ್ಟಿರುತ್ತದೆ. ಗೊಬ್ಬರ ಹೊತ್ತ ಗಾಡಿಯ ಬಾಡಿಯ ತುಕ್ಕಿಗೂ ಬರೀ ಮಳೆಗೆ ಸಿಕ್ಕ ಗಾಡಿಯ ತುಕ್ಕಿಗೂ ವ್ಯತ್ಯಾಸವಿದೆ. ಮೊದಲನೆಯದು ಹಾಳೆ ಹಾಳೆಯಾಗಿ ಏಳುತ್ತದೆ, ಅದರಡಿ ಬಿಳಿಯ ಪುಡಿ ಕಾಣುತ್ತದೆ. ಸಣ್ಣ ಸುತ್ತಿಗೆಯಿಂದ ಚಾಸಿಯನ್ನು ಉದ್ದಕ್ಕೂ ತಟ್ಟುತ್ತ ಹೋಗುವುದು ಹಳೆಯ ಟಿಂಕರ್‌ಗಳ ಪರೀಕ್ಷೆ. ಗಟ್ಟಿ ಕಬ್ಬಿಣ ‘ಟಣ್’ ಎನ್ನುತ್ತದೆ, ಒಳಗೆ ತಿಂದುಹೋದದ್ದು ‘ಡಬ್’ ಎನ್ನುತ್ತದೆ. ಬಣ್ಣ ನೋಡಿ ಗಾಡಿ ಕೊಳ್ಳುವವರಿಗೆ ಈ ಸದ್ದು ಕೇಳಿಸುವುದಿಲ್ಲ.

ಮನೆಯಲ್ಲಿ ಆಗುವ ಕೆಲಸ ಯಾವುದು, ಹೊರಗೆ ಕೊಡಬೇಕಾದದ್ದು ಯಾವುದು ಎಂಬ ವಿವೇಕ ಇಲ್ಲಿ ಮುಖ್ಯ. ಬಿಚ್ಚುವುದು, ತೊಳೆಯುವುದು, ತುಕ್ಕು ಕೆರೆಯುವುದು, ವಯರಿಂಗ್ ಹೊಸದಾಗಿ ಎಳೆಯುವುದು, ಬಾಡಿಗೆ ಹಲಗೆ ಕೂರಿಸುವುದು, ಕಮಾನು ಪಟ್ಟಿ ಕಳಚಿ ಒಂದೊಂದನ್ನೂ ತಿಕ್ಕಿ ಗ್ರೀಸ್ ಹಚ್ಚುವುದು ಮನೆಯಲ್ಲಿ ಆಗುವಂಥವು. ಕ್ರ್ಯಾಂಕ್ ಗ್ರೈಂಡಿಂಗ್, ಬೋರ್ ಮಾಡಿಸುವುದು, ಡೀಸೆಲ್ ಪಂಪಿನ ಕ್ಯಾಲಿಬ್ರೇಷನ್ ಇವಕ್ಕೆ ಯಂತ್ರ ಬೇಕು, ಪಳಗಿದ ಕೈ ಬೇಕು. ಬಳ್ಳಾರಿಯಲ್ಲಿ ಅವೆರಡಕ್ಕೂ ಬರವಿಲ್ಲ. ಗಣಿಯ ಅಬ್ಬರದ ವರ್ಷಗಳಲ್ಲಿ ಅದಿರು ಲಾರಿಗಳನ್ನು ನೆಚ್ಚಿಕೊಂಡು ಲೇತು, ಸ್ಪ್ರಿಂಗು, ರೇಡಿಯೇಟರು, ಪಂಪ್ ರಿಪೇರಿಯ ಅಂಗಡಿಗಳು ಬೆಳೆದವು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿದಾಗ ಲಾರಿಗಳು ನಿಂತವು. ಆದರೆ ಕೈಗೆ ಹತ್ತಿದ ಕಸುಬು ಕೋರ್ಟಿನ ಆದೇಶಕ್ಕೆ ನಿಲ್ಲುವಂಥದ್ದಲ್ಲ. ಹಳೆಯ ಪಿಕಪ್ಪಿನ ಪಂಪನ್ನು ಬೆಂಚಿಗೆ ಹಾಕಿ ನಾಲ್ಕೂ ಸಿಲಿಂಡರಿಗೆ ಸಮನಾಗಿ ಡೀಸೆಲ್ ಹೋಗುವಂತೆ ಹೊಂದಿಸಬಲ್ಲವರು ಈ ಊರಿನಲ್ಲಿ ಇನ್ನೂ ಸಿಗುತ್ತಾರೆ.

ಬಹಳ ದಿನ ನಿಂತ ಡೀಸೆಲ್ ಗಾಡಿ ಮತ್ತೆ ಸ್ಟಾರ್ಟ್ ಆಗುವ ಗಳಿಗೆಯನ್ನು ಹತ್ತಿರದಿಂದ ನೋಡಿದರೆ ಈ ಕೆಲಸದ ಆಕರ್ಷಣೆ ತಿಳಿಯುತ್ತದೆ. ಟ್ಯಾಂಕು ಇಳಿಸಿ ತಳದ ಕಪ್ಪು ರಾಡಿ ತೊಳೆದು, ಹೊಸ ಫಿಲ್ಟರ್ ಹಾಕಿದ ಮೇಲೂ ಇಂಜಿನ್ ಉಸಿರೆತ್ತುವುದಿಲ್ಲ, ಯಾಕೆಂದರೆ ಪೈಪಿನೊಳಗೆ ಗಾಳಿ ಹಿಡಿದಿರುತ್ತದೆ. ಡೀಸೆಲ್ಲನ್ನು ಒತ್ತಬಹುದು, ಗಾಳಿಯನ್ನು ಒತ್ತಿದರೆ ಅದು ಕುಗ್ಗಿ ಸುಮ್ಮನಾಗುತ್ತದೆ, ನಾಝಲ್ಲಿನ ಬಾಯಿ ತೆರೆಯುವುದೇ ಇಲ್ಲ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತುತ್ತ ಹೋದರೆ ಮೊದಲು ಬರುವುದು ಬರೀ ನೊರೆ, ಆಮೇಲೆ ಗುಳ್ಳೆ ಬೆರೆತ ಡೀಸೆಲ್, ಕೊನೆಗೆ ಗುಳ್ಳೆಯಿಲ್ಲದ ತಿಳಿ ಧಾರೆ. ಸ್ಕ್ರೂ ಬಿಗಿದು, ನಾಝಲ್ಲಿನ ನಟ್ಟುಗಳನ್ನೂ ಹೀಗೆಯೇ ಸಡಿಲಿಸಿ, ಸೆಲ್ಫ್ ಹೊಡೆದು, ಒಂದೊಂದರಿಂದಲೂ ಡೀಸೆಲ್ ಚಿಮ್ಮುವುದನ್ನು ನೋಡಿ ಬಿಗಿಯಬೇಕು. ಹದಿಹರೆಯದ ಹುಡುಗರಿಗೆ ಒತ್ತಡದ ಪಾಠವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ದಾರಿ ನನಗೆ ಗೊತ್ತಿಲ್ಲ.

ಬಣ್ಣದ ವಿಷಯಕ್ಕೆ ಬಂದರೆ ನನ್ನ ನಿಲುವು ಬಹುಜನರ ರುಚಿಗೆ ವಿರುದ್ಧ. ಹಳೆಯ ಪಿಕಪ್ ಸಿಕ್ಕ ಕೂಡಲೇ ಎಲ್ಲರೂ ಮಾಡುವುದು ಹಳೆಯ ಬಣ್ಣವನ್ನೆಲ್ಲ ಉಜ್ಜಿ ತೆಗೆದು ಕನ್ನಡಿಯಂತೆ ಹೊಳೆಯುವ ಹೊಸ ಬಣ್ಣ ಹೊಡೆಸುವುದು. ಆದರೆ ಈ ಕಡೆಯ ಗಾಡಿಗಳ ಹಣೆಯ ಮೇಲೆ, ಹಿಂದಿನ ಬಾಗಿಲ ಮೇಲೆ ಬ್ರಷ್ಷಿನಲ್ಲಿ ಬರೆದ ಅಕ್ಷರಗಳಿರುತ್ತವೆ: ಶ್ರೀ ಕನಕದುರ್ಗಮ್ಮ ಪ್ರಸನ್ನ, ದೊಡ್ಡಬಸವೇಶ್ವರ ಪ್ರಸನ್ನ, ಎರ್ರಿತಾತ ಪ್ರಸನ್ನ. ಬಾಗಿಲ ಮೇಲೆ ಗಿರಣಿಯ ಹೆಸರು, ಕೆಲವೊಮ್ಮೆ ಕನ್ನಡ ತೆಲುಗು ಎರಡರಲ್ಲೂ. ಸ್ಟಿಕ್ಕರ್ ಕತ್ತರಿಸುವ ಯಂತ್ರ ಬರುವ ಮೊದಲು ಈ ಅಕ್ಷರ ಬರೆದವರು ಪೇಂಟರ್‌ಗಳು. ಅವರ ಕೈಬರಹಕ್ಕೆ ಬೇರೆ ಯಾವ ದಾಖಲೆಯೂ ಇಲ್ಲ, ಈ ತಗಡೇ ದಾಖಲೆ. ಐತಿಹಾಸಿಕ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ ಒಪ್ಪಿಕೊಂಡಿರುವ ಟ್ಯೂರಿನ್ ಸನ್ನದು ಕೂಡ ಇದನ್ನೇ ಹೇಳುತ್ತದೆ: ಇದ್ದದ್ದನ್ನು ಇದ್ದಂತೆ ಕಾಪಾಡುವುದು ಮೊದಲು, ಹೊಸದರಂತೆ ಮಾಡುವುದು ಆಮೇಲೆ. ತುಕ್ಕು ಹಿಡಿದ ಭಾಗವನ್ನಷ್ಟೇ ಕತ್ತರಿಸಿ ಬೆಸೆದು, ಅಕ್ಷರವಿರುವ ತಗಡನ್ನು ಸೋಪುನೀರಿನಲ್ಲಿ ಒರೆಸಿ ಮೇಲೆ ಪಾರದರ್ಶಕ ಲೇಪ ಕೊಟ್ಟರೆ ಸಾಕು. ಬಣ್ಣ ಹೊಡೆಯಲೇಬೇಕಾದ ಕಡೆ ಬಳ್ಳಾರಿಯ ಬಿಸಿಲಿಗೆ ಒಗ್ಗುವಂತೆ ಹೊಡೆಯಬೇಕು. ಏಪ್ರಿಲ್ ತಿಂಗಳ ನಡು ಮಧ್ಯಾಹ್ನ ಗನ್ ಹಿಡಿದರೆ ಥಿನ್ನರ್ ಗಾಳಿಯಲ್ಲೇ ಆರಿ, ಬಣ್ಣ ತಗಡಿನ ಮೇಲೆ ಹರಡುವ ಮುನ್ನವೇ ಕಿತ್ತಳೆ ಸಿಪ್ಪೆಯ ಹಾಗೆ ಗುಳಿಗುಳಿಯಾಗುತ್ತದೆ. ನಸುಕಿನಲ್ಲಿ, ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂರಿಸಿ, ನಿಧಾನವಾಗಿ ಆರುವ ಥಿನ್ನರ್ ಬಳಸಿ ಮುಗಿಸುವುದು ಒಳ್ಳೆಯದು.

ಈಗ ವಾದದ ತಿರುಳಿಗೆ ಬರೋಣ. ವಿಂಟೇಜ್ ನಿಯಮ ‘ಮೂಲ ರೂಪ’ ಕೇಳುತ್ತದೆ. ಚಾಸಿ, ಬಾಡಿ, ಇಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು ಎನ್ನುತ್ತದೆ. ಮನೆಯ ಪೋರ್ಟಿಕೋದಲ್ಲಿ ನಿಂತ ಕಾರಿಗೆ ಈ ಮಾತು ಒಪ್ಪುತ್ತದೆ. ದುಡಿದ ಗಾಡಿಗೆ ಹೇಗೆ ಒಪ್ಪೀತು? ಪೆಟ್ರೋಲ್ ಇಂಜಿನ್ ಇಳಿಸಿ ಡೀಸೆಲ್ ಹಾಕಿಸಿದ್ದು, ಹೆಚ್ಚು ಹೊರೆ ಹೊರಲಿ ಎಂದು ಕಮಾನಿಗೆ ಎರಡು ಪಟ್ಟಿ ಸೇರಿಸಿದ್ದು, ಕಂಪನಿಯ ತಗಡಿನ ಬಾಡಿ ಹಾಳಾದಾಗ ಊರಿನ ಬಡಗಿಯಿಂದ ಹಲಗೆ ಬಾಡಿ ಕಟ್ಟಿಸಿದ್ದು ಅದರ ಬದುಕಿನ ಭಾಗ. ಆ ಬದಲಾವಣೆಗಳನ್ನು ಕಿತ್ತುಹಾಕಿದರೆ ಸಿಗುವುದು 1970ರ ಕಾರ್ಖಾನೆಯ ಮಾದರಿಯೇ ಹೊರತು ಸಿರುಗುಪ್ಪದ ಗಾಡಿಯಲ್ಲ. ಇದಕ್ಕೆ ದೂರದ ಉದಾಹರಣೆ ಹುಡುಕಬೇಕಿಲ್ಲ. ತುಂಗಭದ್ರೆಗೆ ವಿಜಯನಗರದ ಕಾಲದಲ್ಲಿ ಕಟ್ಟಿದ ಅಡ್ಡಗಟ್ಟೆಗಳೂ ಕಾಲುವೆಗಳೂ ಇಂದಿಗೂ ನೀರು ಹರಿಸುತ್ತಿವೆ. ಸಿರುಗುಪ್ಪ ಮತ್ತು ದೇಶನೂರು ಕಾಲುವೆಗಳೂ ಆ ಸಾಲಿನವೇ. ಶತಮಾನಗಳಲ್ಲಿ ಎಷ್ಟು ಸಲ ಕಲ್ಲು ಜರುಗಿದೆಯೋ, ಎಷ್ಟು ಸಲ ತೂಬು ಬದಲಾಗಿದೆಯೋ. ಆದರೂ ಅವನ್ನು ನಾವು ವಿಜಯನಗರ ಕಾಲುವೆಗಳೆಂದೇ ಕರೆಯುತ್ತೇವೆ, ಮತ್ತು ಸರಿಯಾಗಿಯೇ ಕರೆಯುತ್ತೇವೆ. ಕೆಲಸ ನಿಲ್ಲಿಸದೆ ದುರಸ್ತಿಯಾಗುತ್ತ ಬಂದದ್ದರಿಂದಲೇ ಅವು ಉಳಿದವು. ಪಿಕಪ್ಪಿಗೂ ಇದೇ ಅಳತೆಗೋಲು ಹಿಡಿಯಬೇಕು. ಚಾಸಿ ಸಂಖ್ಯೆ ಅದೇ ಇರಲಿ, ಗಾಡಿಯ ಗುರುತು ಕಾಗದದಲ್ಲಿ ಕಡಿಯದೆ ಬಂದಿರಲಿ, ಆಯಾ ಕಾಲಕ್ಕೆ ಆದ ಬದಲಾವಣೆಗಳ ದಾಖಲೆ ಇರಲಿ. ಇಷ್ಟಿದ್ದರೆ ಅದು ಮೂಲವೇ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಹೊಗೆಯದು. 2020ರ ಏಪ್ರಿಲ್‌ನಿಂದ ದೇಶದಲ್ಲಿ ಬಿಎಸ್-6 ಮಾನದಂಡ ಜಾರಿಯಲ್ಲಿದೆ. ಹಳೆಯ ಡೀಸೆಲ್ ಇಂಜಿನ್ನನ್ನು ಎಷ್ಟೇ ಚೆನ್ನಾಗಿ ಕಟ್ಟಿದರೂ ಅದರ ಹತ್ತಿರಕ್ಕೂ ಬರುವುದಿಲ್ಲ. ಅದಿರಿನ ಧೂಳು, ಕಾರ್ಖಾನೆಯ ಹೊಗೆ ಎರಡನ್ನೂ ಉಂಡಿರುವ ಈ ಜಿಲ್ಲೆಯಲ್ಲಿ ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ನಾನು ಇದನ್ನು ಪೂರ್ತಿ ಒಪ್ಪುತ್ತೇನೆ. ಹಳೆಯ ಪಿಕಪ್ಪನ್ನು ನಿತ್ಯ ಬಾಡಿಗೆಗೆ ಓಡಿಸಲು ಬಿಡಿ ಎಂದು ಯಾರೂ ಕೇಳಬಾರದು. ಆದರೆ ಹೊಗೆಯ ಒಟ್ಟು ಮೊತ್ತ ನಿಲ್ಲುವುದು ಇಂಜಿನ್ನಿನ ವಯಸ್ಸಿನ ಮೇಲಷ್ಟೇ ಅಲ್ಲ, ಅದು ಓಡುವ ಕಿಲೋಮೀಟರಿನ ಮೇಲೂ. ವರ್ಷಕ್ಕೆ ಕೆಲವೇ ನೂರು ಕಿಲೋಮೀಟರು, ಸ್ವಂತ ಹೊಲಕ್ಕೆ, ಜಾತ್ರೆಗೆ, ಪ್ರದರ್ಶನಕ್ಕೆ ಓಡುವ ಗಾಡಿಯನ್ನು ದಿನವಿಡೀ ಓಡುವ ಗಾಡಿಯ ಜೊತೆ ತೂಗುವುದು ನ್ಯಾಯವಲ್ಲ. ಕಪ್ಪು ಹೊಗೆಯಲ್ಲಿ ಬಹುಪಾಲು ಹುಟ್ಟುವುದು ಸವೆದ ನಾಝಲ್, ತಪ್ಪಿದ ಟೈಮಿಂಗ್, ಕಟ್ಟಿಕೊಂಡ ಏರ್ ಫಿಲ್ಟರಿನಿಂದ. ಬಿಎಸ್-4ಕ್ಕೂ ಹಿಂದಿನ ಡೀಸೆಲ್ ಗಾಡಿಗಳಿಗೆ ಹೊಗೆಯ ದಟ್ಟಣೆಯ ಮಿತಿ 65 ಎಚ್‌ಎಸ್‌ಯು. ಶ್ರದ್ಧೆಯಿಂದ ಕಟ್ಟಿದ ಇಂಜಿನ್ ಆ ಮಿತಿಯೊಳಗೆ ನಿಲ್ಲಬಲ್ಲದು. ನಿಲ್ಲದಿದ್ದರೆ ಅದಕ್ಕೆ ಪಟ್ಟ ಕೊಡುವುದು ಬೇಡ.

ಎರಡನೆಯದು ಸುರಕ್ಷತೆ. ಹಳೆಯ ಜೀಪಿನ ವಂಶದ ಎಷ್ಟೋ ಗಾಡಿಗಳಲ್ಲಿ ನಾಲ್ಕೂ ಚಕ್ರದ ಬ್ರೇಕಿಗೆ ಒಂದೇ ಆಯಿಲ್ ಸಾಲು. ಒಂದು ಕಡೆ ಪೈಪು ಸೋರಿದರೆ ಪೆಡಲ್ ನೆಲಕ್ಕೆ ಮುಟ್ಟುತ್ತದೆ, ಬ್ರೇಕು ಇಲ್ಲ. ರಾಷ್ಟ್ರೀಯ ಹೆದ್ದಾರಿ 150ಎ ಮೇಲೆ ಇಂಥ ಗಾಡಿ ಇತರರಿಗೂ ಅಪಾಯ. ಹಾಗಾಗಿ ಎರಡು ಸಾಲಿನ ಮಾಸ್ಟರ್ ಸಿಲಿಂಡರ್, ಸೀಟ್ ಬೆಲ್ಟ್, ಹಿಂಬದಿಯ ಕೆಂಪು ಪ್ರತಿಫಲಕ, ಸರಿಯಾದ ಇಂಡಿಕೇಟರ್ ಕಡ್ಡಾಯ ಮಾಡಬೇಕು. ಇದು ಮೂಲ ರೂಪಕ್ಕೆ ಕುಂದು ಎನ್ನುವ ಶುದ್ಧಾಚಾರವನ್ನು ನಾನು ಒಪ್ಪುವುದಿಲ್ಲ. ಸ್ಟಿಯರಿಂಗ್, ಬ್ರೇಕಿನ ಕೆಲಸವನ್ನು ಮನೆಯಲ್ಲಿ ಎಷ್ಟೇ ಆಸ್ಥೆಯಿಂದ ಮಾಡಿದರೂ ಕೊನೆಗೊಮ್ಮೆ ಪಳಗಿದ ಮೇಸ್ತ್ರಿಯಿಂದ ತಪಾಸಣೆ ಮಾಡಿಸಲೇಬೇಕು. ಜೊತೆಗೆ ಕಾನೂನಿನ ಗೆರೆಯೂ ಇದೆ. ವಾಹನದ ರಚನೆಯನ್ನು ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಇಂಜಿನ್ ಬದಲಿಸುವುದಿದ್ದರೆ ಮೊದಲೇ ಆರ್‌ಟಿಒ ಅನುಮತಿ ಪಡೆಯಬೇಕು. ಹಳೆಯ ಪಿಕಪ್ಪಿಗೆ ದೈತ್ಯ ಟೈರು, ಎಲ್‌ಇಡಿ ಪಟ್ಟಿ ಹಾಕಿ ಮೆರೆಸುವುದಕ್ಕೂ ಇಲ್ಲಿ ಹೇಳುತ್ತಿರುವುದಕ್ಕೂ ಸಂಬಂಧವಿಲ್ಲ.

ದುಡ್ಡಿನ ಆಕ್ಷೇಪಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಈ ಕೆಲಸದಲ್ಲಿ ಹಾಕಿದ ಹಣ ಮಾರಾಟದಲ್ಲಿ ಮರಳುವುದು ಅಪರೂಪ. ಲಾಭಕ್ಕೆಂದು ಇದಕ್ಕೆ ಇಳಿಯಬಾರದು.

ಕೊಳ್ಳುವ ಮೊದಲು ನೋಡಬೇಕಾದದ್ದು ಇಂಜಿನ್ನಲ್ಲ, ಕಾಗದ. ಸಿರುಗುಪ್ಪದ ಆಚೆಗೆ ಹೊರಟರೆ ಆಂಧ್ರದ ಗಡಿ. ಕರ್ನೂಲಿನ ಎಪಿ-21, ಅನಂತಪುರದ ಎಪಿ-02 ಸಂಖ್ಯೆಯ ಹಳೆಯ ಗಾಡಿಗಳು ಈ ಕಡೆಯ ಹಿತ್ತಲುಗಳಲ್ಲಿ ನಿಂತಿರುವುದು ಹೊಸತೇನಲ್ಲ. ಅಂಥದ್ದಕ್ಕೆ ಆ ರಾಜ್ಯದ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿನ ತೆರಿಗೆ ಕಟ್ಟಬೇಕು, ಕೆಎ-34 ಸಂಖ್ಯೆ ಪಡೆಯಬೇಕು. ಎಷ್ಟೋ ಆರ್‌ಸಿಗಳಲ್ಲಿ ಮೂವತ್ತು ವರ್ಷದ ಹಿಂದಿನ ಫೈನಾನ್ಸಿನ ಹೆಸರು ಹಾಗೇ ಕೂತಿರುತ್ತದೆ; ಸಾಲ ತೀರಿದೆ, ಕಾಗದ ತೀರಿಲ್ಲ. ಕೆಲವೊಮ್ಮೆ ಆರ್‌ಸಿಯಲ್ಲಿ ಹೆಸರಿರುವ ಮಾಲೀಕರು ತೀರಿಕೊಂಡಿರುತ್ತಾರೆ, ಮಕ್ಕಳು ಹೆಸರು ವರ್ಗಾಯಿಸಿಕೊಂಡಿರುವುದಿಲ್ಲ. ಚಾಸಿಯ ಸಂಖ್ಯೆ ತುಕ್ಕಿನಲ್ಲಿ ಅಳಿಸಿಹೋಗಿದ್ದರಂತೂ ಆ ಗಾಡಿಯನ್ನು ಬಿಡಿಭಾಗಕ್ಕೆಂದು ಕೊಳ್ಳಬಹುದೇ ಹೊರತು ರಸ್ತೆಗೆಂದಲ್ಲ. ಜನರಲ್ಲಿ ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ: 15 ವರ್ಷ ದಾಟಿದ ಗಾಡಿ ಗುಜರಿಗೇ ಹೋಗಬೇಕು ಎಂದು. ವಯಸ್ಸೊಂದನ್ನೇ ನೋಡಿ ಗಾಡಿ ನಿಲ್ಲಿಸುವ ಆದೇಶ ಬಂದದ್ದು ದೆಹಲಿ ಸುತ್ತಮುತ್ತಲಿಗೆ. ಕರ್ನಾಟಕದಲ್ಲಿ ಯೋಗ್ಯತಾ ಪರೀಕ್ಷೆ ಗೆದ್ದು, ಹೆಚ್ಚಿದ ಶುಲ್ಕ ಮತ್ತು ಹಸಿರು ತೆರಿಗೆ ಕಟ್ಟಿದರೆ ಗಾಡಿ ರಸ್ತೆಯಲ್ಲಿ ಉಳಿಯಬಹುದು.

ಆದರೆ ಹೀಗೆ ಉಳಿಯುವ ದಾರಿ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದೆ. 2021ರ ಆಗಸ್ಟ್ 13ರಂದು ಘೋಷಣೆಯಾದ ಗುಜರಿ ನೀತಿಯ ನಂತರ ಹಳೆಯ ವಾಹನದ ನವೀಕರಣ ಶುಲ್ಕ ಹಲವು ಪಟ್ಟು ಏರಿತು; ಖಾಸಗಿ ಕಾರಿನದೇ 600 ರೂಪಾಯಿಯಿಂದ 5,000ಕ್ಕೆ ಹೋಯಿತು. ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷವೂ ಯೋಗ್ಯತಾ ಪತ್ರ ಬೇಕು. ದುಡಿದು ಸಂಪಾದಿಸುವ ಗಾಡಿಗೆ ಇದು ನ್ಯಾಯವೇ. ತಿಂಗಳಿಗೊಮ್ಮೆ ಹೊರಬರುವ, ಒಂದು ರೂಪಾಯಿಯನ್ನೂ ದುಡಿಯದ ಗಾಡಿಗೂ ಅದೇ ಹೊರೆ ಹಾಕುವುದು ಅದನ್ನು ಗುಜರಿಗೆ ದೂಡಿದಂತೆ. ಇನ್ನೊಂದು ಬಾಗಿಲೂ ಮುಚ್ಚಿದೆ. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣವಾಗುವುದಿಲ್ಲ, ಅವು ನೇರ ಗುಜರಿ ಕೇಂದ್ರಕ್ಕೆ ಹೋಗಬೇಕು. ಮೊದಲು ಇಲಾಖೆಯ ಜೀಪುಗಳು ಹರಾಜಿಗೆ ಬಂದು, ರೈತರ ಕೈಗೆ ಹೋಗಿ, ಹಿಂಬದಿ ಕತ್ತರಿಸಿಕೊಂಡು ಪಿಕಪ್ಪುಗಳಾಗಿ ಇನ್ನೊಂದು ಆಯುಷ್ಯ ಬದುಕುತ್ತಿದ್ದವು. ಆ ಸರಪಳಿ ಈಗ ಕಡಿದಿದೆ.

ಕೇಳಬೇಕಾದದ್ದು ದೊಡ್ಡದೇನಲ್ಲ. ವಿಂಟೇಜ್ ನಿಯಮದ ವ್ಯಾಖ್ಯೆಗೆ ಎನ್-1 ವರ್ಗವನ್ನು, ಅಂದರೆ ಒಟ್ಟು ತೂಕ ಮೂರೂವರೆ ಟನ್ ಮೀರದ ಸರಕು ಗಾಡಿಗಳನ್ನು ಸೇರಿಸಬೇಕು. ವಯಸ್ಸಿನ ಮಿತಿಯನ್ನು 50ರಿಂದ 30ಕ್ಕೆ ಇಳಿಸಬೇಕು. ಫಿವಾ ಐತಿಹಾಸಿಕ ವಾಹನವೆಂದು ಗುರುತಿಸುವುದು 30 ವರ್ಷಕ್ಕೇ, ಅದೂ ಕಾರು, ಲಾರಿ ಎಂಬ ಭೇದವಿಲ್ಲದೆ. ಕಾರಿನ ಹಾಗೆ ಪಿಕಪ್ಪನ್ನು 50 ವರ್ಷ ಯಾರೂ ಬಟ್ಟೆ ಹೊದಿಸಿ ಕಾಪಾಡುವುದಿಲ್ಲ. 1980, 90ರ ದಶಕದ ಗಾಡಿಗಳು 50 ಮುಟ್ಟುವ ಹೊತ್ತಿಗೆ ನೋಂದಾಯಿಸಲು ಒಂದೂ ಉಳಿದಿರುವುದಿಲ್ಲ. ಬಾಡಿಗೆಗೆ ಓಡಿಸುವಂತಿಲ್ಲ, ವರ್ಷಕ್ಕೆ ಇಂತಿಷ್ಟೇ ಕಿಲೋಮೀಟರ್, ಹೊಗೆ ಮತ್ತು ಬ್ರೇಕಿನ ಪರೀಕ್ಷೆ ವರ್ಷಕ್ಕೊಮ್ಮೆ ಕಡ್ಡಾಯ ಎಂಬ ಷರತ್ತುಗಳನ್ನು ಹಾಕಲಿ. 20,000 ರೂಪಾಯಿಯ ಶುಲ್ಕವನ್ನು ಮಾತ್ರ ಇಳಿಸಲೇಬೇಕು. ವಿದೇಶಿ ಕಾರು ಸಂಗ್ರಹಿಸುವವರಿಗೆ ಅದು ಚಿಲ್ಲರೆ, ಕುರುಗೋಡಿನ ರೈತನಿಗೆ ಅದು ಗಾಡಿಯ ಬೆಲೆಯ ದೊಡ್ಡ ಪಾಲು.

ಕಾರುಗಳನ್ನು ನೋಡಬೇಕೆಂದರೆ ಧರ್ಮಸ್ಥಳದಲ್ಲಿ ಸಂಗ್ರಹಾಲಯವಿದೆ, ಶ್ರೀರಂಗಪಟ್ಟಣದ ಬಳಿ ‘ಪಯಣ’ ಇದೆ. ಎರಡೂ ಶ್ಲಾಘ್ಯ ಕೆಲಸಗಳು. ಸರಕು ಗಾಡಿಗಳಿಗಾಗಿ ಅಂಥ ಕಟ್ಟಡ ಬಳ್ಳಾರಿಯಲ್ಲಿ ಏಳುವವರೆಗೆ ಕಾಯುವ ವ್ಯವಧಾನ ಆ ಗಾಡಿಗಳಿಗಿಲ್ಲ. ಪಂಪು ಹೊಂದಿಸುವ, ಕಮಾನು ಬಡಿಯುವ, ಬಾಡಿ ಕಟ್ಟುವ ಹಿರಿಯ ಮೇಸ್ತ್ರಿಗಳು ಇನ್ನೂ ಕೆಲಸದಲ್ಲಿದ್ದಾರೆ; ಅವರ ಅಂಗಡಿಗಳಿಗೆ ಕಲಿಯಲು ಬರುವ ಹುಡುಗರು ಮೊದಲಿನಷ್ಟಿಲ್ಲ. ಬಳ್ಳಾರಿಯ ಆರ್‌ವೈಎಂಇಸಿ, ಬಿಐಟಿಎಂನಂಥ ಎಂಜಿನಿಯರಿಂಗ್ ಕಾಲೇಜುಗಳ ಮೆಕ್ಯಾನಿಕಲ್ ವಿಭಾಗಗಳು, ಸರ್ಕಾರಿ ಐಟಿಐ ಇವು ಒಂದೊಂದು ಹಳೆಯ ಪಿಕಪ್ಪನ್ನು ಕೊನೆಯ ವರ್ಷದ ಪ್ರಾಜೆಕ್ಟಾಗಿ ಎತ್ತಿಕೊಳ್ಳಬಹುದು: ಹಿತ್ತಲಲ್ಲಿ ದುರಸ್ತಿ ಮಾಡುತ್ತಿರುವವರ ಜೊತೆ ಸೇರಿ, ಬಿಚ್ಚಿದ ಪ್ರತಿ ಭಾಗದ ಚಿತ್ರ ತೆಗೆದು, ಅಳತೆ ಬರೆದು, ಯಾರ ಲೇತಿನಲ್ಲಿ ಯಾವ ಬುಶ್ ಆಯಿತು ಎಂಬುದನ್ನೂ ಗುರುತು ಹಾಕಿಕೊಂಡು. ಸಾರಿಗೆ ಸಚಿವಾಲಯ ನಾಳೆ ನಿಯಮ ತಿದ್ದಲು ಹೊರಟರೆ, ಯಾವ ಬದಲಾವಣೆ ಯಾವ ಕಾಲದ್ದು ಎಂದು ತೋರಿಸಲು ಮೊದಲು ಬೇಕಾಗುವುದು ಇಂಥ ಕಡತವೇ.